ಅತ್ತೆಯ ಕಥೆ, ಅಪ್ಪನ ಅಕ್ಷರ

ಆಗೆಲ್ಲ ನಮ್ಮ ಕಡೆ ಕಾಫಿ ಕುಯ್ಲು ಶುರುವಾಯಿತೆಂದರೆ ಶಾಲೆ ಬಿಟ್ಟ ಮಕ್ಕಳು ಸೀದಾ ಮನೆಯೊಳಗೆ ಹೋಗುತ್ತಿರಲಿಲ್ಲ, ಕಣಕ್ಕೆ ಹೋಗುತ್ತಿದ್ದರು. ಬಿಸಿಲಿಗೆ ಹರಡಿದ ಬೀಜದ ಮೇಲೆ ಬರಿಗಾಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ಬರುವ ಹುಳಿಹುಳಿ ವಾಸನೆ, ಲಂಗದ ಜೇಬಿನಲ್ಲಿ ಒಂದು ಕಿತ್ತಳೆ. ಇಂಥದ್ದನ್ನು ಬರೆಯುವವರು ಇಷ್ಟು ಹೇಳಿದ ಮೇಲೆ ಒಂದು ನಿಟ್ಟುಸಿರು ಬಿಡುವುದು ವಾಡಿಕೆ. ನನಗೆ ನಿಟ್ಟುಸಿರು ಬರುವುದಿಲ್ಲ, ಸಿಟ್ಟು ಬರುತ್ತದೆ.

ಕಳೆದ ತಿಂಗಳು ನಮ್ಮ ತಾಲೂಕಿನ ಒಂದು ಶಾಲೆಯಲ್ಲಿ ನನಗೆ ಶಾಲು ಹೊದಿಸಿದರು. ನಾನೇನೂ ಸಾಧಿಸಿದ್ದಕ್ಕಲ್ಲ. ಮಕ್ಕಳ ಪುಸ್ತಕಗಳನ್ನು ಬರೆದ ನನ್ನ ಸೋದರತ್ತೆ ತೀರಿಕೊಂಡು ಒಂದು ವರ್ಷವಾಗಿತ್ತು, ಅವಳ ಬದಲಿಗೆ ಶಾಲಿಗೆ ಹೆಗಲು ಕೊಡಲು ಯಾರಾದರೂ ಬೇಕಿತ್ತು. ಎಂಟು ವರ್ಷದ ಒಬ್ಬ ಹುಡುಗಿ ಅತ್ತೆಯ ‘ಕಣ ಕಾದ ಹುಡುಗಿ’ ಕಥೆಯ ಕೊನೆಯ ಪುಟವನ್ನು ಬಾಯಿಪಾಠ ಒಪ್ಪಿಸಿದಳು. ಕೂಲಿಯವಳ ಮಗಳು ಸುಳ್ಳು ಹೇಳಿ ಸಿಕ್ಕಿಬಿದ್ದು ಸಾಹುಕಾರರ ಕಾಲು ಹಿಡಿದು ಅಳುವ ಪುಟ. ಕಡೆಗೆ ಕೈಮುಗಿದು, “ನೀತಿ: ಸುಳ್ಳು ಹೇಳಿದವರನ್ನು ದೇವರು ಮೆಚ್ಚನು” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಕು ಹಿಡಿದವರು, “ಕಥೆಯಲ್ಲಿ ಬರುವ ಕಣ ಇವರ ಮನೆಯದೇ” ಎಂದು ನನ್ನನ್ನು ತೋರಿಸಿದರು. ನಾನು ನಕ್ಕು, ಹಣ್ಣಿನ ಬುಟ್ಟಿ ತೆಗೆದುಕೊಂಡು ಮನೆಗೆ ಬಂದೆ.

ಆ ಪುಟವನ್ನು ಅತ್ತೆ ಬರೆದಿರಲಿಲ್ಲ. ಅದನ್ನು ಬಲ್ಲವರು ನಾಲ್ಕು ಜನ. ಇಬ್ಬರು ತೀರಿಕೊಂಡಿದ್ದಾರೆ. ಮೂರನೆಯವಳು ಎಲ್ಲಿದ್ದಾಳೆಂದು ಆವತ್ತಿನ ತನಕ ನಾನು ಹುಡುಕಿರಲಿಲ್ಲ. ನಾಲ್ಕನೆಯವಳು ಶಾಲು ಹೊದ್ದು ವೇದಿಕೆಯ ಮೇಲೆ ಕೂತಿದ್ದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸರೋಜತ್ತೆ ಮದುವೆಯಾಗಿ ಹಾಸನದ ಕಡೆ ಹೋದವಳು ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ, ಅಂದರೆ ನಮ್ಮ ಮನೆಗೆ, ವಾಪಸು ಬಂದಳು. ಬಂದವಳು ಮೂಲೆಯಲ್ಲಿ ಕೂರದೆ ಟೀಚರ್ ಟ್ರೈನಿಂಗ್ ಮುಗಿಸಿ ನಮ್ಮೂರ ಶಾಲೆಯಲ್ಲೇ ಕೆಲಸಕ್ಕೆ ಸೇರಿದಳು. ಶಾಲೆಯಲ್ಲಿ ಪುಸ್ತಕದ ಬೀರು ಅಂತ ಒಂದಿತ್ತು. ಅದರೊಳಗೆ ಇದ್ದದ್ದೆಲ್ಲ ರಾಜ, ರಾಣಿ, ತ್ಯಾಗ ಮತ್ತು ನೀತಿ. ಅವನ್ನು ಓದಿ ಓದಿ ಬೇಜಾರಾಗಿ ಅತ್ತೆ ತಾನೇ ಬರೆಯತೊಡಗಿದಳು. ಸಂತೆಗೆ ಹೊರಟ ಹಂದಿಮರಿ, ಮಳೆಗಾಲದಲ್ಲಿ ಶಾಲೆಯ ಗಂಟೆಯೊಳಗೆ ಗೂಡು ಕಟ್ಟಿದ ಕಣಜ, ಇಂಥವು. ನೀತಿ ಅಂದರೆ ಅವಳಿಗೆ ಆಗುತ್ತಿರಲಿಲ್ಲ. “ಊಟ ಆದ್ಮೇಲೆ ಬಾಯಿ ತೆಗೆಸಿ ನುಂಗಿದ್ಯಾ ಅಂತ ನೋಡ್ದಂಗೆ ಅದು” ಎನ್ನುತ್ತಿದ್ದಳು.

ಅವಳು ಬರೆಯುತ್ತಿದ್ದ ರೀತಿಯನ್ನು ಹೇಳಬೇಕು. ಶನಿವಾರ ಮಧ್ಯಾಹ್ನ ನಾವು ಏಳೆಂಟು ಮಕ್ಕಳು ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದೆವು. ಉದ್ದ ಹಿಡಿಯ ಮರದ ಗೋರೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದುಕೊಂಡು ಹೋಗುವುದು, ತಿರುಗಿ ಬರುವುದು. ಹಾಗೆ ಮಾಡದಿದ್ದರೆ ಬೀಜ ಒಂದೇ ಕಡೆ ಒಣಗುತ್ತದೆ. ಅತ್ತೆ ಕುಯ್ಲಿನ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ನೋಟ್‌ಬುಕ್ಕಿನಿಂದ ಹೊಸ ಕಥೆ ಓದುತ್ತಿದ್ದಳು. ಸುಮ್ಮನಿರಿ ಅಂತಾಗಲಿ, ಗಮನವಿಟ್ಟು ಕೇಳಿ ಅಂತಾಗಲಿ ಒಂದು ದಿನವೂ ಹೇಳಲಿಲ್ಲ. ಓದುತ್ತ ಓದುತ್ತ ಕನ್ನಡಕದ ಮೇಲಿನಿಂದ ನಮ್ಮ ಗೋರೆಗಳನ್ನೇ ನೋಡುತ್ತಿದ್ದಳು. ಗೋರೆಗಳು ತಾವಾಗಿ ನಿಂತ ಕಡೆ ಕೆಂಪು ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಸರಸರ ಓಡಾಡುತ್ತಿದ್ದ ಕಡೆ ಉದ್ದಕ್ಕೆ ಒಂದು ಗೀಟು.

ಒಂದು ಸಲ ನಾನು ಕೇಳಿದೆ. “ಯಾಕತ್ತೆ ಹೊಡ್ದಾಕಿದ್ದು? ಚೆನ್ನಾಗಿತ್ತಲ್ಲ.”

“ಚೆನ್ನಾಗಿತ್ತು ಅಂತ ನಿನ್ ಬಾಯಿ ಹೇಳ್ತು. ಕೈ ಹೇಳ್ಲಿಲ್ಲ” ಎಂದಳು.

ಅತ್ತೆಯ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅವಳ ಮೊದಲ ಹಸ್ತಪ್ರತಿಯನ್ನು ಮೈಸೂರಿನ ಪ್ರಕಾಶಕರು ಓದಲಾಗದೆ ವಾಪಸು ಕಳಿಸಿದ್ದರಂತೆ. ಅಪ್ಪನದು ಮುತ್ತು ಪೋಣಿಸಿದಂಥ ಅಕ್ಷರ. ತಂಗಿಯ ಕಥೆ ಅಚ್ಚಾಗುವುದೆಂದರೆ ಅವನಿಗೂ ಹೆಮ್ಮೆ. ಅಂದಿನಿಂದ ಅವಳ ಪ್ರತಿಯೊಂದು ಕಥೆಯನ್ನೂ ಅವನೇ ಬಿಳಿ ಹಾಳೆಗೆ ನಕಲು ಮಾಡುತ್ತಿದ್ದ. ಊಟವಾದ ಮೇಲೆ ಜಗುಲಿಯಲ್ಲಿ ಮೇಜು ಹಾಕಿಕೊಂಡು ಕೂತರೆ, ಪಕ್ಕದಲ್ಲಿ ಕೂತು ಹಾಳೆಗೆ ಗೆರೆ ಹಾಕಿಕೊಡುವುದು ನನ್ನ ಕೆಲಸ. ಮುಗಿದ ಮೇಲೆ ಸೋಮವಾರ ಸಂತೆಗೆ ಹೋಗುವಾಗ ತಾನೇ ಪೋಸ್ಟ್ ಮಾಡಿ ಬರುತ್ತಿದ್ದ. ಅತ್ತೆ ನಕಲನ್ನು ಓದಿ ನೋಡುತ್ತಿರಲಿಲ್ಲ. ಅಣ್ಣ ಬರೆದದ್ದನ್ನು ತಂಗಿ ತಾಳೆ ನೋಡುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯುವ ವಿಷಯವೇ ಆಗಿರಲಿಲ್ಲ.

ನನಗೆ ಹತ್ತು ವರ್ಷವಾದ ಕುಯ್ಲಿನ ಕಾಲ ಅದು. ನಮ್ಮ ಲೈನಿನಲ್ಲಿ, ಅಂದರೆ ಆಳುಗಳಿಗೆ ಕಟ್ಟಿಸಿದ ಸಾಲುಮನೆಯಲ್ಲಿ, ಪಳನಿಯಮ್ಮ ಎನ್ನುವವಳಿದ್ದಳು. ಅವಳ ಮಗಳು ಸೆಲ್ವಿ ನನ್ನದೇ ಕ್ಲಾಸು. ನನಗಿಂತ ಆರು ತಿಂಗಳಿಗೆ ದೊಡ್ಡವಳು, ಆದರೂ ಅವಳು ನನ್ನನ್ನು ಭಾಗ್ಯಕ್ಕ ಎನ್ನಬೇಕಿತ್ತು. ಮನೆಯಲ್ಲಿ ತಮಿಳು ಮಾತಾಡುವ ಹುಡುಗಿ ಕನ್ನಡ ಓದಲು ನಿಂತರೆ ಇಡೀ ಕ್ಲಾಸು ಕೇಳಬೇಕು, ಹಾಗೆ ಓದುತ್ತಿದ್ದಳು. ಕಣದಲ್ಲಿ ನಾವಿಬ್ಬರೂ ಇಟ್ಟಿಗೆ ಚೂರಿನಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಅವಳೇ ಗೆಲ್ಲುತ್ತಿದ್ದಳು, ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಜನವರಿಯ ಒಂದು ಶನಿವಾರ ಅತ್ತೆ ತನ್ನ ಕೆಂಪು ಪೆನ್ಸಿಲನ್ನು ಅವಳ ಕೈಗೆ ಕೊಟ್ಟು, “ಇವತ್ತು ಚುಕ್ಕೆ ನೀನ್ ಇಡು ಸೆಲ್ವಿ, ನಿನ್ ಕಣ್ಣು ಚುರುಕು” ಎಂದಳು. ಅದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ.

ಆ ಶನಿವಾರದ ಕಥೆ ಸಂಪಾಜೆ ಘಾಟಿಯಲ್ಲಿ ಬಸ್ಸಿನಿಂದ ಇಳಿದು ಓಡಿಹೋದ ಕೋಳಿಯದು. ಕೋಳಿ ತಿರುವಿನಲ್ಲಿ ನಿಂತಿದೆ, ಕೆಳಗಿನಿಂದ ಲಾರಿ ಬರುತ್ತಿದೆ, ಅಲ್ಲಿಗೆ ಅತ್ತೆ ನೋಟ್‌ಬುಕ್ ಮುಚ್ಚಿದಳು. ಮುಂದಿನದು ಬರುವ ವಾರ.

ಮರುದಿನ ಭಾನುವಾರ. ಹಣ್ಣು ಉದುರುತ್ತಿದ್ದುದರಿಂದ ಮನೆಯವರೂ ಆಳುಗಳೂ ಎಲ್ಲ ಕೆಳಗಿನ ತೋಟದಲ್ಲಿ ಕುಯ್ಲಿಗೆ ಹೋಗಿದ್ದರು. ಅತ್ತೆ ಕುಶಾಲನಗರದ ಗೆಳತಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಕಣ ಕಾಯುವ ಸರದಿ ನನ್ನದು. ಪುಷ್ಪಗಿರಿ ಕಡೆ ಮೋಡ ಕಂಡರೆ ತೂಗುಹಾಕಿದ ಕಬ್ಬಿಣದ ತುಂಡು ಬಾರಿಸಬೇಕು, ಎಲ್ಲರೂ ಓಡಿಬಂದು ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಜನವರಿಯಲ್ಲಿ ಯಾವ ಮಳೆ? ನಾನು ಜೇಬಿನ ಕಿತ್ತಳೆ ಸುಲಿಯುತ್ತ ಅತ್ತೆಯ ಕೋಣೆಗೆ ಹೋದೆ. ಕೋಳಿಗೆ ಏನಾಯಿತೆಂದು ಸೆಲ್ವಿಗಿಂತ ಮೊದಲು ನನಗೆ ಗೊತ್ತಾಗಬೇಕಿತ್ತು. ಅತ್ತೆಯ ಆ ಕಾಗೆ ಕಾಲು ಬಿಡಿಸಿಕೊಂಡು ಓದುವುದೆಂದರೆ ಒಂದೊಂದು ಸಾಲಿಗೂ ಒಂದೊಂದು ಯುಗ. ಹೆಂಚಿನ ಮೇಲೆ ಸದ್ದು ಕೇಳಿದಾಗ ಕೋಳಿ ಇನ್ನೂ ತಿರುವಿನಲ್ಲೇ ಇತ್ತು.

ಹೊರಗೆ ಬಂದಾಗ ಕಣದ ತುಂಬ ನೀರು. ಒಂದು ವಾರ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಬೀಜ, ತೇಲಿಕೊಂಡು ಮೋರಿಗೆ ಇಳಿಯುತ್ತಿತ್ತು. ನಾನು ಕಬ್ಬಿಣ ಬಾರಿಸಿದೆ. ಅಷ್ಟು ಹೊತ್ತಿಗೆ ಎಲ್ಲರೂ ಓಡಿಬರುತ್ತಲೇ ಇದ್ದರು.

“ಎಲ್ಲಿ ಹಾಳಾಗೋಗಿದ್ದೆ?” ಎಂದ ಅಪ್ಪ. ಅವನ ಕೂದಲಿನಿಂದ ನೀರು ಸುರಿಯುತ್ತಿತ್ತು.

“ಸೆಲ್ವಿಗೆ ಹೇಳಿ ಒಳಗೋಗಿದ್ದೆ. ನಾನ್ ನೋಡ್ಕತೀನಿ ಅಂದಿದ್ಲು.”

ಮೊದಲೇ ಯೋಚಿಸಿ ಹೇಳಿದ್ದಲ್ಲ. ಆ ಹೆಸರು ಬಾಯಿಯಲ್ಲಿ ಸಿದ್ಧವಾಗಿ ಕೂತಿತ್ತು, ಅಷ್ಟೆ. ಸೆಲ್ವಿಯನ್ನು ಕರೆಸಿದರು. ಅವಳು ಮಧ್ಯಾಹ್ನವೆಲ್ಲ ಲೈನಿನಲ್ಲಿ ತಮ್ಮನನ್ನು ಆಡಿಸುತ್ತಿದ್ದಳು. ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡೇ ಬಂದಳು. ಅಪ್ಪ ಕೇಳಿದ್ದಕ್ಕೆ ಅವಳು ಇಲ್ಲ ಎಂದು ಕೂಗಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ, “ಭಾಗ್ಯಕ್ಕ, ಯಾವಾಗ ಹೇಳಿದ್ರಿ?” ಎಂದಳು. ನನ್ನನ್ನು ಸಿಕ್ಕಿಸಲು ಕೇಳಿದ್ದಲ್ಲ ಅದು. ತಾನೇ ಮರೆತಿರಬಹುದೇನೋ ಎಂದು ಯೋಚಿಸುತ್ತಿದ್ದಳು.

ನಾನು ಮೋರಿಯ ಕಡೆ ತಿರುಗಿ ನಿಂತೆ. ಪಳನಿಯಮ್ಮ ಮಗುವನ್ನು ಕಿತ್ತುಕೊಂಡು ಕೆಳಗಿಳಿಸಿ, ಕಾಫಿ ಗಿಡದ ಬರಲೊಂದನ್ನು ಮುರಿದು ಮಗಳ ಮೀನಖಂಡಕ್ಕೆ ಬಾರಿಸಿದಳು. ಸಾಹುಕಾರರ ಮುಂದೆ ತಾನೇ ಹೊಡೆದುಬಿಟ್ಟರೆ ಅಷ್ಟಕ್ಕೆ ಮುಗಿಯಬಹುದು ಎಂಬ ಲೆಕ್ಕಾಚಾರ ಇರಬೇಕು. ಮುಗಿಯಲಿಲ್ಲ. “ಕುಯ್ಲು ಮುಗಿಯೋಗಂಟ ಇರಿ. ಆಮೇಲೆ ಬೇರೆ ಕಡೆ ನೋಡ್ಕಳಿ. ಹುಡ್ಗೀನ ಕಣದ ಹತ್ರ ಬಿಡ್ಬೇಡ” ಎಂದ ಅಪ್ಪ. ನಾನು ಅಲ್ಲೇ ನಿಂತಿದ್ದೆ. ನನ್ನ ಬೆರಳಿನಲ್ಲಿ ಇನ್ನೂ ಕಿತ್ತಳೆ ಸಿಪ್ಪೆಯ ವಾಸನೆ ಇತ್ತು.

ಮರುದಿನ ಸಂಜೆ ಅತ್ತೆ ನನ್ನನ್ನು ಕೋಣೆಗೆ ಕರೆದು, ನನ್ನ ಅಂಗೈ ಬಿಡಿಸಿ ಏನನ್ನೋ ಇಟ್ಟಳು. ಒಂದು ಕಿತ್ತಳೆ ಬೀಜ.

“ನನ್ ಪುಸ್ತಕದೊಳಗಿತ್ತು. ಕೋಳಿ ನಿಂತಿದ್ದ ಪುಟದಲ್ಲಿ” ಎಂದಳು. ನಾನು ಅಳತೊಡಗಿದೆ. ಅವಳು ಸಮಾಧಾನ ಮಾಡಲಿಲ್ಲ. “ನಾನ್ ಯಾರಿಗೂ ಹೇಳಲ್ಲ ಭಾಗ್ಯ. ನೀನೇ ಹೇಳು. ಕುಯ್ಲು ಮುಗಿಯಕ್ಕೆ ಇನ್ನೂ ಮೂರು ವಾರ ಐತೆ.”

ಇದನ್ನು ನೆನೆದರೆ ಅತ್ತೆಯ ಮೇಲೂ ಸಿಟ್ಟು ಬರುತ್ತದೆ. ಸತ್ತವಳ ಮೇಲೆ, ಅದೂ ನನ್ನನ್ನು ಅಷ್ಟು ಪ್ರೀತಿಸಿದವಳ ಮೇಲೆ, ಸಿಟ್ಟಾಗಬಾರದು ಎನ್ನುತ್ತಾರೆ. ಆಗುತ್ತೇನೆ. ಹತ್ತು ವರ್ಷದ ಹುಡುಗಿಯನ್ನು ನಂಬಿ ಇನ್ನೊಂದು ಹುಡುಗಿಯ ಶಾಲೆಯನ್ನು ಪಣಕ್ಕಿಡಬಹುದೇ? ಆವತ್ತೇ ಅಣ್ಣನ ಮುಂದೆ ಬೀಜ ಇಟ್ಟು ಹೇಳಿಬಿಡಬೇಕಿತ್ತು. ಮಕ್ಕಳ ಮೇಲೆ ಅಷ್ಟು ನಂಬಿಕೆ ಇಟ್ಟುಕೊಂಡೇ ಅವಳು ಪುಸ್ತಕ ಬರೆದಳು, ಅಷ್ಟೇ ನಂಬಿಕೆ ಇಟ್ಟು ಸೆಲ್ವಿಯ ಬದುಕು ಕೆಡುವುದನ್ನು ನೋಡಿದಳು.

ಒಂದು ವಾರ ಹೋಯಿತು. ಎರಡು ವಾರ ಹೋಯಿತು. ಊಟಕ್ಕೆ ಬಡಿಸುವಾಗ ಅತ್ತೆ ನನ್ನ ಮುಖ ನೋಡುತ್ತಿದ್ದಳು, ನಾನು ಅಕ್ಕಿ ರೊಟ್ಟಿ ಮುರಿಯುತ್ತ ತಟ್ಟೆ ನೋಡುತ್ತಿದ್ದೆ. ಕೊನೆಯ ಶನಿವಾರ, ಕಣದಲ್ಲಿ ಉಳಿದ ಕಾಫಿಯನ್ನು ಕೈಯಾಡಿಸುತ್ತಿದ್ದಾಗ, ಅವಳು ಹೊಸ ನೋಟ್‌ಬುಕ್ ತಂದು ಬುಟ್ಟಿಯ ಮೇಲೆ ಕೂತಳು. ಅಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಿದ್ದ. ಸೆಲ್ವಿ ಕಣಕ್ಕೆ ಬರುವಂತಿರಲಿಲ್ಲ. ಅವಳು ಪಲ್ಪರ್ ಮನೆಯ ಗೋಡೆಯ ಆಚೆ ನಿಂತಿದ್ದಳು, ಲಂಗದ ಅಂಚು ಮಾತ್ರ ಕಾಣುತ್ತಿತ್ತು.

ಅದೇ ‘ಕಣ ಕಾದ ಹುಡುಗಿ’. ಇಬ್ಬರು ಹುಡುಗಿಯರು, ಹೆಸರಿಲ್ಲ. ಒಬ್ಬಳು ಕಣದ ಮನೆಯವಳು, ಒಬ್ಬಳು ಲೈನಿನವಳು. ಮಳೆ ಬರುತ್ತದೆ. ಕಣದ ಮನೆಯ ಹುಡುಗಿ ಸುಳ್ಳು ಹೇಳುತ್ತಾಳೆ. ಲೈನಿನ ಹುಡುಗಿಗೆ ಪೆಟ್ಟು ಬೀಳುತ್ತದೆ. ಮೊದಲು ನಿಂತದ್ದು ನನ್ನ ಗೋರೆ. ಆಮೇಲೆ ಒಂದೊಂದಾಗಿ ಎಲ್ಲವೂ ನಿಂತವು. ಕೊನೆಯಲ್ಲಿ ಕಣದ ಮನೆಯ ಹುಡುಗಿ ಯಾರೂ ಕರೆಯದೆ, ಯಾರೂ ಹೆದರಿಸದೆ, ಒಬ್ಬಳೇ ಲೈನಿನವರೆಗೆ ನಡೆದುಕೊಂಡು ಹೋಗುತ್ತಾಳೆ. ಬಾಗಿಲಿಗೆ ಬಂದ ಹುಡುಗಿಗೆ, “ನಾನು ನಿನಗೆ ಹೇಳಿರಲಿಲ್ಲ” ಎನ್ನುತ್ತಾಳೆ. ಅಷ್ಟೆ. ಕ್ಷಮೆ ಸಿಕ್ಕಿತೋ ಇಲ್ಲವೋ ಅತ್ತೆ ಬರೆದಿರಲಿಲ್ಲ.

ಓದು ಮುಗಿದ ಮೇಲೂ ಕಣದಲ್ಲಿ ಒಂದು ಗೋರೆ ಅಲುಗಲಿಲ್ಲ. ಅತ್ತೆ ಚುಕ್ಕೆ ಇಡಲಿಲ್ಲ. ನೋಟ್‌ಬುಕ್ ಮಡಿಲಲ್ಲಿಟ್ಟು ಕಾದಳು. ಕಥೆಯಲ್ಲಿ ನನಗಾಗಿ ದಾರಿ ಮಾಡಿಟ್ಟಿದ್ದಳು, ನಾನು ಇಪ್ಪತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಜಗುಲಿಯಲ್ಲಿ ಅಪ್ಪನ ಪೇಪರ್ ಕೆಳಗಿಳಿದಿತ್ತು, ಅವನು ನನ್ನನ್ನೇ ನೋಡುತ್ತಿದ್ದ. ನಾನು ಗೋರೆ ಎಳೆಯತೊಡಗಿದೆ.

ಮುಂದಿನ ವಾರ ಕುಯ್ಲು ಮುಗಿಯಿತು. ಪಳನಿಯಮ್ಮನ ಸಂಸಾರ ಪಾತ್ರೆ ಪಗಡಿ ಕಟ್ಟಿಕೊಂಡು ಹೊರಟಿತು. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಸೆಲ್ವಿ ನಾಲ್ಕನೆಯ ಕ್ಲಾಸು ಮುಗಿಸಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪ ಎಂದಿನಂತೆ ಜಗುಲಿಯಲ್ಲಿ ಮೇಜು ಹಾಕಿ ನಕಲಿಗೆ ಕೂತ. ನಾನು ಗೆರೆ ಹಾಕಿಕೊಟ್ಟೆ. ಕೊನೆಯ ಪುಟಕ್ಕೆ ಬಂದಾಗ ಅವನು ಅತ್ತೆಯ ನೋಟ್‌ಬುಕ್ಕನ್ನು ಮುಚ್ಚಿ ಪಕ್ಕಕ್ಕಿಟ್ಟ. ಹೊಸ ಹಾಳೆಗೆ ಬರೆಯುತ್ತ ಹೋದ. ನಾನು ಅವನ ಮೊಣಕೈ ಪಕ್ಕದಿಂದ ಓದುತ್ತಿದ್ದೆ. ಹಿಂದಿನ ಪುಟಗಳಿಗೆ ಹೋಗಿ ಒಂದೆರಡು ಸಾಲು ಹೊಡೆದು, ಅವನ್ನೂ ಮತ್ತೆ ಬರೆದ. ಲೈನಿನ ಹುಡುಗಿ ಕಾವಲು ಬಿಟ್ಟು ಹೋಗುತ್ತಾಳೆ, ಲೈನಿನ ಹುಡುಗಿ ಸುಳ್ಳು ಹೇಳುತ್ತಾಳೆ, ಲೈನಿನ ಹುಡುಗಿ ಕಾಲು ಹಿಡಿಯುತ್ತಾಳೆ. ಕೆಳಗೆ ಒಂದು ಗೆರೆ ಎಳೆದು, ನೀತಿ. ಒಂದು ಅಕ್ಷರ ಸೊಟ್ಟಗಾಗಿರಲಿಲ್ಲ. ಸುಳ್ಳಿನ ಬಗ್ಗೆ ಇಷ್ಟು ಚೆಂದದ ಸುಳ್ಳನ್ನು ಆಮೇಲೆ ನಾನು ಎಲ್ಲೂ ನೋಡಿಲ್ಲ.

ಅಪ್ಪ ಹಸಿ ಶಾಯಿಯ ಮೇಲೆ ಒತ್ತುಕಾಗದ ಒತ್ತುತ್ತ ನನ್ನ ತಲೆ ಸವರಿದ. ನನಗೆ ಏನನ್ನಿಸಿತು ಗೊತ್ತೇ? ಖುಷಿಯಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ಚಿಕ್ಕ ಮಗು, ಪಾಪ, ಏನು ಗೊತ್ತಾಗುತ್ತೆ ಅಂತ ಯಾರೂ ನನಗೆ ಹೇಳಬೇಡಿ. ನನಗೆ ಎಲ್ಲ ಗೊತ್ತಾಗಿತ್ತು.

ಮಳೆಗಾಲದ ಕೊನೆಗೆ ಪುಸ್ತಕದ ಕಟ್ಟು ಬಂತು. ಮುಖಪುಟದ ಚಿತ್ರದಲ್ಲಿ ಕಾಫಿ ಗಿಡ ತೆಂಗಿನ ಮರದಷ್ಟು ಎತ್ತರ, ಅದರ ತುಂಬ ಹುರಿದ ಕಂದು ಬೀಜ ನೇತಾಡುತ್ತಿತ್ತು. ಅತ್ತೆ ಅದನ್ನು ನೋಡಿ ನಗುತ್ತಲೇ ಪುಟ ತಿರುಗಿಸಿದಳು. ಕೊನೆಯ ಪುಟಕ್ಕೆ ಬಂದವಳು ಅದನ್ನು ಎರಡು ಸಲ ಓದಿದಳು.

“ಅಣ್ಣ, ಇದ್ಯಾರು ಬರ್ದಿದ್ದು?”

“ನಕಲು ಮಾಡ್ತಾ ಸ್ವಲ್ಪ ಸರಿ ಮಾಡ್ದೆ” ಎಂದ ಅಪ್ಪ. “ಊರೋರೆಲ್ಲ ಓದ್ತಾರೆ ಸರೋಜ. ಯಾರ ಮನೆ ಕಣ, ಯಾರ ಮನೆ ಹುಡ್ಗಿ ಅಂತ ಗೊತ್ತಾಗಲ್ವಾ? ನಾಳೆ ಇವಳ್ನ ಒಂದು ಮನೆಗೆ ಕೊಡಬೇಕು.”

“ಆ ಇನ್ನೊಂದು ಹುಡ್ಗಿ?”

“ಅವ್ರೇನು ಓದ್ತಾರಾ?”

ಅವರು ಓದುತ್ತಾರಾ. ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳ ಬಗ್ಗೆ ನನ್ನ ಅಪ್ಪ ಆಡಿದ ಮಾತು ಇದು. ಅವನು ಕೆಟ್ಟವನಲ್ಲ, ಆಳುಗಳಿಗೆ ಕಾಯಿಲೆಯಾದರೆ ತನ್ನ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಹಾಗಿದ್ದೂ ಹೀಗಂದ ಎಂಬುದಕ್ಕೇ ನನ್ನ ಮೈ ಉರಿಯುವುದು. ಅತ್ತೆ ಕೂಗಾಡಲಿಲ್ಲ. ಇರುವ ಮನೆ ಅಣ್ಣನದು. ಪುಸ್ತಕ ಮುಚ್ಚಿ ಒಳಗೆ ಹೋದಳು. ಕಟ್ಟಿನಲ್ಲಿದ್ದ ಒಂದು ಪ್ರತಿಯ ಮೇಲೂ ಸಹಿ ಹಾಕಲಿಲ್ಲ.

ಮುಂದಿನ ಕುಯ್ಲಿನಲ್ಲಿ, ಯಾಕೋ ಏನೋ, ಆ ಅಚ್ಚಾದ ಪುಸ್ತಕವನ್ನು ಕಣಕ್ಕೆ ತಂದು ಮೊದಲಿನಿಂದ ಕೊನೆಯವರೆಗೆ ಓದಿದಳು. ಗೋರೆಗಳು ಹೋದವು, ಬಂದವು, ಹೋದವು. ಒಂದೂ ನಿಲ್ಲಲಿಲ್ಲ. ಕಾಲು ಹಿಡಿದು ಅಳುವ ಕಡೆ ಒಬ್ಬ ಹುಡುಗ ಆಕಳಿಸಿದ. ಅತ್ತೆ ಕೆಂಪು ಪೆನ್ಸಿಲಿನಿಂದ ಕೊನೆಯ ಪುಟಕ್ಕೆ ಉದ್ದಕ್ಕೂ ಗೀಟು ಎಳೆದು ಎದ್ದುಹೋದಳು. ಆಮೇಲೆ ಕಣದಲ್ಲಿ ಕಥೆ ಓದಲಿಲ್ಲ.

ಆದರೆ ಲೋಕದ ಮಕ್ಕಳ ಕೈಯಲ್ಲಿ ಗೋರೆ ಇರಲಿಲ್ಲವಲ್ಲ. ಅವರ ಬದಲು ಪುಸ್ತಕ ಆರಿಸುವವರು ದೊಡ್ಡವರು, ದೊಡ್ಡವರಿಗೆ ನೀತಿ ಬೇಕು. ಅತ್ತೆಯ ಪುಸ್ತಕಗಳಲ್ಲೆಲ್ಲ ಅದೇ ಹೆಚ್ಚು ಮಾರಾಟವಾಯಿತು, ಅದೇ ಮತ್ತೆ ಮತ್ತೆ ಅಚ್ಚಾಯಿತು. ಕೊನೆಯ ಪುಟ ತೆಗೆಯಿರಿ ಎಂದು ಅವಳು ಬರೆದ ಕಾಗದಕ್ಕೆ, ಮೇಷ್ಟರುಗಳೆಲ್ಲ ಆ ಪುಟವನ್ನೇ ಮೆಚ್ಚಿದ್ದಾರೆ ಎಂದು ಉತ್ತರ ಬಂತು. ಅದಕ್ಕೊಂದು ಸನ್ಮಾನವೂ ಬಂತು. ಅತ್ತೆ ಜ್ವರವೆಂದು ಹೇಳಿ ಹೋಗಲಿಲ್ಲ. ನಲವತ್ತು ದಾಟಿದ ಆ ಹೆಂಗಸು ಒಂದನೆಯ ಕ್ಲಾಸಿನ ಕಾಪಿ ಪುಸ್ತಕ ಕೊಂಡು, ಶಾಲೆಯಲ್ಲಿ ಮಕ್ಕಳ ಜೊತೆ ಕೂತು ಅ ಆ ತಿದ್ದತೊಡಗಿದಳು. ಒಂದು ವರ್ಷ ತಿದ್ದಿದಳು. ಮುಂದೆ ಬರೆದ ಪುಸ್ತಕಗಳನ್ನೆಲ್ಲ ತಾನೇ ನಕಲು ಮಾಡಿ, ತಾನೇ ಬಸ್ಸು ಹತ್ತಿ ಹೋಗಿ ಪೋಸ್ಟ್ ಮಾಡಿದಳು. ಅಪ್ಪ ಜಗುಲಿಯಲ್ಲಿ ಬರಿಗೈಯಲ್ಲಿ ಕೂತಿರುತ್ತಿದ್ದ. ನಕಲಿಗೆ ಕೊಡು ಎಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ.

ಶಾಲು ಹೊದಿಸಿಕೊಂಡು ಬಂದ ಮರುದಿನ ನಾನು ಅತ್ತೆಯ ಟ್ರಂಕು ತೆಗೆದೆ. ಆ ನೋಟ್‌ಬುಕ್ ಇರಲಿಲ್ಲ. ಮನೆ ರಿಪೇರಿಗೆಂದು ಅಟ್ಟ ಖಾಲಿ ಮಾಡಿಸಿದಾಗ ಹಳೇ ಕಾಗದಗಳೆಲ್ಲ ಬಚ್ಚಲ ಒಲೆಗೆ ಹೋದವು ಎಂದು ಅಮ್ಮ ಒಮ್ಮೆ ಹೇಳಿದ್ದು ನೆನಪಾಯಿತು. ಸಿಕ್ಕಿದ್ದು ಒಂದು ಕಟ್ಟು ಕಾಗದ. ಎಲ್ಲದರ ಕೆಳಗೂ ಒಂದೇ ಸಹಿ: ನಿಮ್ಮ ಸೆಲ್ವಿ. ಅತ್ತೆ ಅವಳನ್ನು ಹುಡುಕಿಕೊಂಡಿದ್ದಳು. ಬರೆದ ಒಂದೊಂದು ಪುಸ್ತಕವನ್ನೂ ಕಳಿಸಿದ್ದಳು. ನನಗೆ ಒಂದು ಮಾತೂ ಹೇಳಿರಲಿಲ್ಲ. ನನ್ನ ಹತ್ತಿರ ಹೇಳಿಕೊಳ್ಳುವಷ್ಟು ನಂಬಿಕೆಯನ್ನು ನಾನು ಉಳಿಸಿಕೊಂಡಿರಲಿಲ್ಲ.

ಕಾಗದದಲ್ಲಿದ್ದ ವಿಳಾಸ ಹಾರಂಗಿ ಹತ್ತಿರದ ಒಂದು ಅಂಗನವಾಡಿ. ಕುಶಾಲನಗರಕ್ಕೆ ಹೋಗಿ ಬಸ್ಸು ಬದಲಾಯಿಸಿ ಹೋದೆ. ಸೆಲ್ವಿ ಅಲ್ಲಿ ಟೀಚರ್. ತಲೆ ಅರ್ಧ ನರೆತಿದೆ. ನನ್ನನ್ನು ಬಾಗಿಲಲ್ಲೇ ಗುರುತಿಸಿದಳು. “ಕೂತ್ಕೊ ಭಾಗ್ಯ, ಮಕ್ಳಿಗೆ ಕಥೆ ಹೇಳೋ ಹೊತ್ತು” ಎಂದಳು. ಅಕ್ಕ ಎನ್ನಲಿಲ್ಲ.

ಮಕ್ಕಳು ತಟ್ಟೆಯಲ್ಲಿ ಹೆಸರುಕಾಳು ಉಸಲಿ ತಿನ್ನುತ್ತಿದ್ದರು. ಸೆಲ್ವಿ ಆ ತೆಂಗಿನ ಮರದಂಥ ಕಾಫಿ ಗಿಡದ ಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದಳು. ತೆರೆಯಲಿಲ್ಲ. ಪಲ್ಪರ್ ಗೋಡೆಯ ಆಚೆ ನಿಂತು ಒಂದೇ ಒಂದು ಸಲ ಕೇಳಿದ್ದನ್ನು ಸಾಲು ತಪ್ಪದೆ ಹೇಳಿದಳು. ಕಣದ ಮನೆಯ ಹುಡುಗಿ ಸುಳ್ಳು ಹೇಳಿದ ಕಡೆ ಮಕ್ಕಳ ಕೈಗಳು ತಟ್ಟೆಗೂ ಬಾಯಿಗೂ ನಡುವೆ ನಿಂತವು. ಕೊನೆಯಲ್ಲಿ ಆ ಹುಡುಗಿ ಲೈನಿಗೆ ನಡೆದು ಬಂದ ಮೇಲೆ, ಮುಂದೆ ಕೂತಿದ್ದ ಒಂದು ಪುಟ್ಟಿ ಕೇಳಿತು.

“ನಿಜವಾಗ್ಲೂ ಬಂದ್ಳಾ ಟೀಚರ್?”

“ಕಥೇಲಿ ಬಂದ್ಳು” ಎಂದಳು ಸೆಲ್ವಿ.

ಮಕ್ಕಳು ಕೈತೊಳೆಯಲು ಹೋದಾಗ ನಾನು ಹೇಳಿದೆ, “ನೀನು ಕೇಳಿದ್ದೆ, ಯಾವಾಗ ಹೇಳಿದ್ರಿ ಅಂತ. ನಾನು ಹೇಳಿರಲಿಲ್ಲ ಸೆಲ್ವಿ.”

“ಗೊತ್ತು” ಎಂದಳು ತಟ್ಟೆಗಳನ್ನು ಒಂದರೊಳಗೊಂದು ಜೋಡಿಸುತ್ತ. “ಸರೋಜ ಟೀಚರ್ ಆವತ್ತು ಓದಿದ್ಮೇಲೆ ಗೊತ್ತಾಯ್ತು. ಅಲ್ಲೀಗಂಟ ನಾನೇ ಮರ್ತುಬಿಟ್ಟಿದೀನಿ ಅನ್ಕೊಂಡಿದ್ದೆ. ಪುಸ್ತಕ ಓದಕ್ಕೆ ಹೋದ್ರೆ ಓದಿದ್ದೂ ಮರ್ತೋಗುತ್ತೇನೋ ಅಂತ ಹೆದರ್ಕೊಂಡು ಮೂರು ವಾರ ಪುಸ್ತಕ ಮುಟ್ಟಿರ್ಲಿಲ್ಲ.”

ಪರವಾಗಿಲ್ಲ ಬಿಡು ಎನ್ನಲಿಲ್ಲ. ಅನ್ನಬಾರದು. ಹತ್ತನೆಯ ಕ್ಲಾಸು ಕಟ್ಟಿ ಪಾಸು ಮಾಡಿದ್ದು ಎರಡು ಮಕ್ಕಳಾದ ಮೇಲೆ ಎಂದು ಅವಳ ಕಾಗದದಲ್ಲೇ ಇತ್ತು.

ನಮ್ಮ ಕಣದ ಮೇಲೆ ಈಗ ಪ್ಲಾಸ್ಟಿಕ್ಕಿನ ಸೂರು ಬಂದಿದೆ. ಮಳೆಗೆ ಯಾರೂ ಹೆದರುವುದಿಲ್ಲ, ಕಾಯಲು ಯಾರೂ ಬೇಕಿಲ್ಲ. ಗೋರೆಗಳು ಗೆದ್ದಲು ಹಿಡಿದವು, ಲೈನು ಬಿದ್ದುಹೋಯಿತು. ಮಕ್ಕಳು ಬರಿಗಾಲಲ್ಲಿ ಕಾಫಿ ಎಳೆಯುವುದು ನಿಂತದ್ದು ಒಳ್ಳೆಯದೇ, ಅದಕ್ಕೆ ನಾನು ಅಳುವುದಿಲ್ಲ. ಆದರೆ ಬಾಯಿ ಹೇಳಿದ್ದನ್ನು ಬಿಟ್ಟು ಕೈ ಹೇಳಿದ್ದನ್ನು ನಂಬುವ ಬರಹಗಾರ್ತಿ ಹೋದಳು. ಕೆಂಪು ಚುಕ್ಕೆಗಳ ನೋಟ್‌ಬುಕ್ಕುಗಳು ಹೋದವು. ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗಿಯ ಆರೇಳು ವರ್ಷದ ಶಾಲೆ ಹೋಯಿತು. ಉಳಿದದ್ದು ಅಪ್ಪನ ಪುಟ. ಅದು ತಾಲೂಕಿನ ಒಂದೊಂದು ಶಾಲೆಯ ಬೀರುವಿನಲ್ಲೂ ಭದ್ರವಾಗಿದೆ.

ಆ ಮಧ್ಯಾಹ್ನ ನಾನು ಚೀಲದಿಂದ ಹಾಳೆ ತೆಗೆದು ಗೆರೆ ಹಾಕಿಕೊಂಡೆ. ಸೆಲ್ವಿ ಮತ್ತೊಮ್ಮೆ ಮೊದಲಿನಿಂದ ಹೇಳಿದಳು, ನಾನು ಬರೆದುಕೊಂಡೆ. ಪ್ರಕಾಶಕರಿಗೆ ಕಳಿಸುತ್ತೇನೆ, ಕೇಳದಿದ್ದರೆ ಒಂದೊಂದು ಶಾಲೆಗೂ ಹೋಗಿ ಆ ಪುಟದ ಮೇಲೆ ಅಂಟಿಸುತ್ತೇನೆ ಎಂದೆ. ನನ್ನ ಅಕ್ಷರವೂ ಅಪ್ಪನದೇ, ಮುತ್ತು ಪೋಣಿಸಿದ ಹಾಗೆ. ಬರೆದು ಮುಗಿಸಿ ಹಾಳೆಗಳನ್ನು ಮಡಚಲು ಹೋದಾಗ ಸೆಲ್ವಿ ಕೈ ಚಾಚಿದಳು.

“ಕೊಡು ಇಲ್ಲಿ. ಓದಿ ನೋಡ್ತೀನಿ.”

ಕನ್ನಡಕ ಹಾಕಿಕೊಂಡು, ಒಂದೊಂದು ಪದದ ಕೆಳಗೂ ಬೆರಳಿಟ್ಟು, ಕೊನೆಯವರೆಗೂ ತಾಳೆ ನೋಡಿದಳು. ಆಮೇಲೆ ಹಾಳೆಗಳನ್ನು ವಾಪಸು ಕೊಟ್ಟಳು.